ಜ್ವರ ಬಿಟ್ಟ ದಿನ

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಣ್ಣ–ತಂಗಿ ಇಬ್ಬರೂ ಒಂದೇ ವಾರ ಜ್ವರ ಬಂದು ಮಲಗಿದರು. ತಂಗಿಗೆ ಎಂಟು ವರ್ಷ. ಅಣ್ಣ ಡಿಗ್ರಿ ಎರಡನೇ ವರ್ಷ, ಕ್ರಿಕೆಟ್ ಆಡುವ ಗಟ್ಟಿಮುಟ್ಟು ಹುಡುಗ. ರಕ್ತ ಪರೀಕ್ಷೆ ಮಾಡಿಸಿದರೆ ಇಬ್ಬರದೂ ಡೆಂಗಿ. ಚಿಕ್ಕವಳು ಮೂರು ದಿನ ಗಂಜಿ ಕುಡಿದು, ನಾಲ್ಕನೆಯ ದಿನ ಎದ್ದು ಕೂತು ದೋಸೆ ಬೇಕೆಂದು ಹಟ ಹಿಡಿದಳು. ಅಣ್ಣನ ಜ್ವರ ಐದನೆಯ ದಿನ ಬೆಳಗಿನ ಜಾವ ಬಿಟ್ಟಿತು. ಮೈಯೆಲ್ಲ ಬೆವೆತು ತಣ್ಣಗಾಯಿತು. ತಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಆಸ್ಪತ್ರೆಗೆಂದು ಹೇಳಿದ್ದ ಆಟೊವನ್ನು ವಾಪಸ್ ಕಳಿಸಿದರು. ಜ್ವರ ಬಿಟ್ಟಿತಲ್ಲ, ಇನ್ನೇನು?

ಮಧ್ಯಾಹ್ನದ ಹೊತ್ತಿಗೆ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ಕುಡಿದ ಎಳನೀರು ನಿಲ್ಲಲಿಲ್ಲ. ಮೂರು ಸಲ ವಾಂತಿ. ಸಂಜೆಗೆ ಕೈಕಾಲು ಐಸಿನಂತೆ ತಣ್ಣಗಿದ್ದವು. ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತಿದ್ದ, ಆದರೆ ಹಾಸಿಗೆಯಲ್ಲಿ ಒಂದು ಕಡೆ ನೆಮ್ಮದಿಯಾಗಿ ಮಲಗಲಾರ. ರಾತ್ರಿ ಎಂಟಕ್ಕೆ ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ‘ಜ್ವರ ಯಾವಾಗ ಬಿಡ್ತು?’ ಎಂಬುದು. ಜ್ವರ ಎಷ್ಟಿದೆ ಎಂದಲ್ಲ, ಯಾವಾಗ ಬಿಟ್ಟಿತು ಎಂದು. ಬಿಪಿ ನೋಡಿದರು: 100/84. ಮೇಲಿನ ಅಂಕಿ ಪರವಾಗಿಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಅವರು ನೋಡುತ್ತಿದ್ದುದು ಎರಡು ಅಂಕಿಗಳ ನಡುವಿನ ಅಂತರವನ್ನು. ಅದು ಇಪ್ಪತ್ತಕ್ಕಿಂತ ಕೆಳಗೆ ಬಂದಿತ್ತು. ‘ಡಾಕ್ಟ್ರೇ, ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು ತಾಯಿ ಮೂರನೆಯ ಸಲ ಕೇಳಿದಾಗ ಅವರು ನರ್ಸ್ ಕಡೆ ತಿರುಗಿ, ‘ಅದಿರಲಿ, ಪಿಸಿವಿ ಎಷ್ಟು ಬಂತು ನೋಡಿ’ ಎಂದರು.

ಹುಡುಗ ಉಳಿದ. ಮನೆಗೆ ಬಂದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಒಂದೇ ಮನೆ, ಒಂದೇ ವಾರ, ಬಹುಶಃ ಒಂದೇ ಸೊಳ್ಳೆ, ಒಂದೇ ವೈರಸ್. ಎಂಟು ವರ್ಷದ ಕೂಸು ದೋಸೆ ಕೇಳುತ್ತದೆ. ಗಟ್ಟಿಮುಟ್ಟು ಅಣ್ಣ ಸಾವಿನ ಬಾಗಿಲು ತಟ್ಟಿ ಬರುತ್ತಾನೆ. ಅದೂ ಜ್ವರ ಏರಿದಾಗಲ್ಲ, ಇಳಿದಾಗ.

ಡೆಂಗಿಯ ವಿಚಿತ್ರ ಇಲ್ಲಿಂದಲೇ ಶುರು. ಸೊಳ್ಳೆ ಕಚ್ಚಿ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ ಬರುತ್ತದೆ. ವೈರಸ್ ರಕ್ತದಲ್ಲಿ ತುಂಬಿ ತುಳುಕುವುದು ಮೊದಲ ಎರಡು ಮೂರು ದಿನ. ಮೈ ಸುಡುತ್ತದೆ, ಕಣ್ಣಗುಡ್ಡೆಯ ಹಿಂದೆ ನೋವು, ಮೂಳೆ ಮುರಿದಂಥ ಕೈಕಾಲು ನೋವು. ಆಮೇಲೆ ವೈರಸ್ ಇಳಿಮುಖವಾಗುತ್ತದೆ. ಜ್ವರ ಬಿಡುವ ಹೊತ್ತಿಗೆ ರಕ್ತದಲ್ಲಿ ಅದು ಹೆಚ್ಚೇನೂ ಉಳಿದಿರುವುದಿಲ್ಲ. ಬಹುಪಾಲು ಜನ ಅಲ್ಲಿಗೆ ಗೆದ್ದರು. ಕೆಲವರಿಗೆ ಮಾತ್ರ ಆಗ ಮುಂದಿನ 24ರಿಂದ 48 ಗಂಟೆಗಳ ಗಂಡಾಂತರ ಕಾಲ ತೆರೆದುಕೊಳ್ಳುತ್ತದೆ. ವೈರಿ ಕಾಲ್ತೆಗೆದ ಮೇಲೆ ಕೋಟೆ ಬೀಳುವುದಾದರೆ ಬೀಳಿಸಿದವರು ಯಾರು?

ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಡೆಂಗಿಯಿಂದಲ್ಲ, ಇಲಿಗಳಿಂದ. ಎಲ್‌ಸಿಎಂ ಎಂಬ ವೈರಸ್ ಇದೆ. ಬೆಳೆದ ಇಲಿಯ ಮಿದುಳಿಗೆ ಅದನ್ನು ಚುಚ್ಚಿದರೆ ಇಲಿ ಸುಮಾರು ಒಂದು ವಾರದಲ್ಲಿ ಸೆಟೆದು ಸಾಯುತ್ತದೆ. ವೈರಸ್ ಮಿದುಳು ತಿಂದಿತು ಎಂದೇ ಯಾರಾದರೂ ಹೇಳುವರು. ಆದರೆ 1950ರ ದಶಕದಲ್ಲಿ ಅಮೆರಿಕದ ವಾಲೇಸ್ ರೋ ಎಕ್ಸ್-ರೇ ಹಾಯಿಸಿ ರೋಗನಿರೋಧಕ ಶಕ್ತಿ ಕುಂದಿಸಿದ ಇಲಿಗಳಿಗೆ ಅದೇ ವೈರಸ್ ಚುಚ್ಚಿದಾಗ ಅವು ಸಾಯಲಿಲ್ಲ. ಔಷಧಿ ಕೊಟ್ಟು ನಿರೋಧಕ ಶಕ್ತಿ ಅಡಗಿಸಿ ನೋಡಿದ ಮುಂದಿನವರ ಇಲಿಗಳು ಕೂಡ ಮಿದುಳಿನ ತುಂಬ ವೈರಸ್ ಹೊತ್ತುಕೊಂಡು ಕಾಳು ಮೆಲ್ಲುತ್ತ ಓಡಾಡಿಕೊಂಡಿದ್ದವು. ಅಂಥ ಇಲಿಗೆ, ಈ ವೈರಸ್ಸನ್ನು ಮೊದಲೇ ಎದುರಿಸಿ ಪಳಗಿದ ಇನ್ನೊಂದು ಇಲಿಯ ಬಿಳಿ ರಕ್ತಕಣಗಳನ್ನು ತಂದು ಸೇರಿಸಿದರೆ ಮಾತ್ರ ಸಾವು. ಕೊಂದದ್ದು ವೈರಸ್ ಅಲ್ಲ. ವೈರಸ್ ಹೊಕ್ಕ ಜೀವಕೋಶಗಳನ್ನೆಲ್ಲ ಹುಡುಕಿ ನಾಶ ಮಾಡಲು ಹೊರಟ ಸ್ವಂತ ಸೈನ್ಯ. ಕಾಲಿನ ಸ್ನಾಯುವಿನಲ್ಲಿ ನಾಲ್ಕು ಕೋಶ ಸತ್ತರೆ ಅದು ವಾಸಿಯಾಗುತ್ತದೆ, ಮಿದುಳಿನ ಪೊರೆಯಲ್ಲಿ ಹಾಗಲ್ಲ. ಇದೇ ವೈರಸ್ ಇಟ್ಟುಕೊಂಡು ಕೆಲಸ ಮಾಡಿದ ಪೀಟರ್ ಡೊಹರ್ಟಿ, ರಾಲ್ಫ್ ಜಿಂಕರ್‌ನಾಗೆಲ್ ಜೋಡಿಗೆ 1996ರಲ್ಲಿ ನೊಬೆಲ್ ಬಂತು.

ರೋಗನಿರೋಧಕ ಶಕ್ತಿ ಎಂದರೆ ಬ್ಯಾಂಕಿನ ಠೇವಣಿ ಇದ್ದಂತೆ, ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಕೋವಿಡ್ ಬಂದ ಮೇಲಂತೂ ‘ಇಮ್ಯುನಿಟಿ ಹೆಚ್ಚಿಸುವ’ ಕಷಾಯ, ಚ್ಯವನಪ್ರಾಶ, ಬಿಸ್ಕತ್ತು, ಕೊನೆಗೆ ಮೈಸೋಪೂ ಬಂತು. ಅಮೃತಬಳ್ಳಿಯ ಕಷಾಯದ ಮೇಲೆ ನನಗೇನೂ ಸಿಟ್ಟಿಲ್ಲ. ‘ಹೆಚ್ಚಿಸುವ’ ಎಂಬ ಆ ಮಾತಿನ ಮೇಲೆ ಸಿಟ್ಟಿದೆ. ಅದು ಒಲೆಯ ಉರಿ ಹೆಚ್ಚಿಸಿದರೆ ಅಡುಗೆ ರುಚಿಯಾಗುತ್ತದೆ ಎಂದಂತೆ.

ಡೆಂಗಿಗೆ ಬರೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತ, ನ್ಯೂಗಿನಿ, ಹವಾಯಿಗಳಲ್ಲಿ ಜ್ವರ ಬಂದು ಮಲಗಿದ ಸೈನಿಕರ ರಕ್ತದಿಂದ ಆಲ್ಬರ್ಟ್ ಸೇಬಿನ್ ಡೆಂಗಿ ವೈರಸ್ಸನ್ನು ಬೇರ್ಪಡಿಸಿದ. ಮುಂದೆ ಪೋಲಿಯೊ ಹನಿ ಕೊಟ್ಟವನೂ ಇವನೇ. ಡೆಂಗಿ ಒಂದಲ್ಲ, ಒಂದಕ್ಕಿಂತ ಹೆಚ್ಚು ಬಗೆ ಇದೆ ಎಂದು ತೋರಿಸಿದವನೂ ಅವನೇ. ಈಗ ನಮಗೆ ಗೊತ್ತಿರುವುದು ನಾಲ್ಕು. ಒಂದೇ ತಾಯಿಯ ನಾಲ್ವರು ಗಂಡುಮಕ್ಕಳಂತೆ ಮುಖಚಹರೆ ಒಂದೇ, ಅಳತೆ ಮಾತ್ರ ಬೇರೆ. ಸೇಬಿನ್ ಸ್ವಯಂಸೇವಕರಿಗೆ ವೈರಸ್ ಚುಚ್ಚಿ ನೋಡಿದ: ಒಂದು ಬಗೆ ಬಂದು ಹೋದರೆ ಅದೇ ಬಗೆ ಮತ್ತೆ ಬಾರದು. ಉಳಿದವುಗಳ ವಿರುದ್ಧವೂ ರಕ್ಷಣೆ ಇರುತ್ತದೆ, ಆದರೆ ಎರಡು ಮೂರು ತಿಂಗಳು ಮಾತ್ರ. ಅಲ್ಲಿಂದಾಚೆಗೆ ಏನಾಗುತ್ತದೆ ಎಂಬುದು ಅವನ ಪ್ರಯೋಗದಲ್ಲಿರಲಿಲ್ಲ.

ಅದು ಗೊತ್ತಾಗಿದ್ದು ಬ್ಯಾಂಕಾಕ್‌ನ ಮಕ್ಕಳ ವಾರ್ಡುಗಳಲ್ಲಿ. 1950ರ ದಶಕದಲ್ಲಿ ಮೊದಲು ಮನಿಲಾದಲ್ಲಿ, ಆಮೇಲೆ 1958ರಲ್ಲಿ ಬ್ಯಾಂಕಾಕ್‌ನಲ್ಲಿ ಮಕ್ಕಳಿಗೆ ಹೊಸ ಕಾಯಿಲೆ ಕಾಣಿಸಿತು. ಜ್ವರ ಬಂದು ಬಿಟ್ಟ ಮೇಲೆ ರಕ್ತಸ್ರಾವ, ಆಘಾತ (ರಕ್ತದೊತ್ತಡ ಕುಸಿಯುವ ‘ಶಾಕ್’), ಸಾವು. ಹುಡುಕಿದರೆ ಸಿಕ್ಕಿದ್ದು ಡೆಂಗಿ ವೈರಸ್. ಅಲ್ಲಿಯವರೆಗೆ ಡೆಂಗಿ ಎಂದರೆ ನರಳಿಸಿದರೂ ಕೊಲ್ಲದ ಜ್ವರ ಎಂದಿತ್ತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಪ್ರಯೋಗಾಲಯಕ್ಕೆ ಬಂದ ಅಮೆರಿಕದ ಸೇನಾ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ರೋಗಿಗಳ ವಯಸ್ಸನ್ನು ಲೆಕ್ಕಹಾಕಿದಾಗ ಎರಡು ದಿಬ್ಬಗಳು ಕಂಡವು. ಒಂದು, ಶಾಲೆಗೆ ಹೋಗುವ ವಯಸ್ಸಿನ ಆಸುಪಾಸಿನದು. ಇನ್ನೊಂದು, ಹುಟ್ಟಿ ಆರರಿಂದ ಒಂಬತ್ತು ತಿಂಗಳಾದ ಕೂಸುಗಳದು. ನಡುವೆ, ಒಂದು ವರ್ಷ ದಾಟಿದ ಮಕ್ಕಳಲ್ಲಿ ತಗ್ಗು. ಬ್ಯಾಂಕಾಕ್‌ನಲ್ಲಿ ನೆಲೆಸಿದ್ದ ಬಿಳಿಯರಿಗೂ ಡೆಂಗಿ ಬರುತ್ತಿತ್ತು, ಆದರೆ ಬರಿಯ ಜ್ವರ.

ದೊಡ್ಡ ಮಕ್ಕಳ ರಕ್ತ ಪರೀಕ್ಷಿಸಿದರೆ ಹೆಚ್ಚುಕಡಿಮೆ ಅವರಿಗೆಲ್ಲ ಅದು ಎರಡನೆಯ ಡೆಂಗಿ. ಮೊದಲು ಒಂದು ಬಗೆ, ಈಗ ಇನ್ನೊಂದು. ಬಿಳಿಯರು ಹೊಸಬರು, ಅವರಿಗೆ ಅದು ಮೊದಲನೆಯದು. ಲೆಕ್ಕ ಸರಿಹೋಯಿತು. ಆದರೆ ಕೂಸುಗಳು? ಏಳು ತಿಂಗಳ ಮಗುವಿಗೆ ಎರಡು ಸಲ ಡೆಂಗಿ ಬರಲು ಸಮಯವೆಲ್ಲಿತ್ತು?

ಹಾಲ್‌ಸ್ಟೆಡ್‌ನ ಜಾಣತನವೆಲ್ಲ ಈ ಕೂಸುಗಳನ್ನು ಬಿಡದೆ ಹಿಡಿದದ್ದರಲ್ಲಿದೆ. ಅವರಿಗೆ ನಿಜವಾಗಿಯೂ ಅದು ಮೊದಲನೆಯ ಡೆಂಗಿ. ಆದರೆ ತಾಯಂದಿರಿಗೆ ಹಿಂದೆ ಡೆಂಗಿ ಬಂದುಹೋಗಿತ್ತು. ಬಸಿರಿನಲ್ಲಿ ತಾಯಿಯ ಪ್ರತಿಕಾಯಗಳು ಮಗುವಿಗೆ ಇಳಿದಿರುತ್ತವೆ. ಹುಟ್ಟಿದ ಹೊಸದರಲ್ಲಿ ಅವು ದಂಡಿಯಾಗಿದ್ದು ಮಗುವನ್ನು ಕಾಯುತ್ತವೆ. ತಿಂಗಳು ತಿಂಗಳು ಸವೆದು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತವೆ. ಆ ನಡುವಿನ ತಿಂಗಳುಗಳಲ್ಲಿ, ಕಾಯುವಷ್ಟೂ ಇಲ್ಲದ, ಇಲ್ಲವೆನ್ನುವಂತೆಯೂ ಇಲ್ಲದ ಹೊತ್ತಿನಲ್ಲಿ, ಕಾಯಿಲೆ ಉಗ್ರವಾಗುತ್ತಿತ್ತು. ಶಾಲೆಯ ಮಕ್ಕಳಿಗೂ ಈ ಕೂಸುಗಳಿಗೂ ಸಮಾನವಾಗಿದ್ದುದು ಒಂದೇ: ಮೈಯಲ್ಲಿ ಅರೆಬರೆ ಹೊಂದುವ ಪ್ರತಿಕಾಯ. ಕಾಯಬೇಕಾದದ್ದೇ ಕಾಯಿಲೆಯನ್ನು ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಿತ್ತು!

ಇದು ಹೇಗೆ ಸಾಧ್ಯ? ಊರಿನ ಪೊಲೀಸ್ ಠಾಣೆಯ ಲೆಕ್ಕದಲ್ಲಿ ಹೇಳುತ್ತೇನೆ. ಪ್ರತಿಕಾಯ ಎಂದರೆ ಕೈಬೇಡಿ. ವೈರಸ್ಸಿಗೆ ಬೇಡಿ ಬಿದ್ದ ಮೇಲೆ ಅದನ್ನು ಬಿಳಿ ರಕ್ತಕಣ ಎಂಬ ಠಾಣೆಯೊಳಗೆ ಎಳೆದುಕೊಂಡು ಹೋಗುತ್ತಾರೆ, ಅಲ್ಲಿ ಅದರ ಕಥೆ ಮುಗಿಯುತ್ತದೆ. ಆ ನಾಲ್ವರಲ್ಲಿ ಮೊದಲ ಸಲ ಬಂದ ಅಣ್ಣನ ಮಣಿಕಟ್ಟಿನ ಅಳತೆಗೆ ದೇಹ ಬೇಡಿ ಮಾಡಿಟ್ಟುಕೊಂಡಿದೆ. ವರ್ಷಗಳ ನಂತರ ತಮ್ಮ ಬರುತ್ತಾನೆ. ಚಹರೆ ಅದೇ ಆದ್ದರಿಂದ ಹಳೆಯ ಬೇಡಿಯನ್ನೇ ತೊಡಿಸುತ್ತಾರೆ. ಕೈಗೆ ಅದು ಸಡಿಲ. ಠಾಣೆಯೊಳಗೆ ಹೋದದ್ದೇ ಬೇಡಿ ಕಳಚಿಕೊಳ್ಳುತ್ತಾನೆ. ಬೇರೆ ಕಳ್ಳನಾದರೆ ಅಲ್ಲಿಂದ ಓಡುತ್ತಿದ್ದ. ಡೆಂಗಿಗೆ ಮಾತ್ರ ಬೇಕಾದದ್ದೇ ಆ ಠಾಣೆ. ಅದು ಮರಿ ಹಾಕುವುದೇ ಮಾನೊಸೈಟ್, ಮ್ಯಾಕ್ರೊಫೇಜ್ ಎಂಬ ಆ ಬಗೆಯ ಬಿಳಿ ರಕ್ತಕಣಗಳಲ್ಲಿ. ಬೇಡಿ ಇಲ್ಲದಿದ್ದರೆ ಬಾಗಿಲು ಹುಡುಕಿಕೊಂಡು ಅಲೆಯಬೇಕಿತ್ತು. ಈಗ ಪೊಲೀಸರೇ ಜೀಪಿನಲ್ಲಿ ಕರೆತಂದು ಒಳಗೆ ಬಿಟ್ಟಿದ್ದಾರೆ. ಸಾಲದ್ದಕ್ಕೆ, ಹೀಗೆ ಒಳಗೆ ಬಂದ ವೈರಸ್ ಆ ಕೋಶ ಬಾರಿಸಬೇಕಾದ ಮೊದಲ ಎಚ್ಚರಿಕೆಯ ಗಂಟೆಯನ್ನೂ ಸದ್ದಿಲ್ಲದಂತೆ ಮಾಡುತ್ತದೆ.

ಇಂಥದ್ದು ನಡೆಯಬಹುದು ಎಂಬ ಸುಳಿವು 1964ರಲ್ಲೇ ಆಸ್ಟ್ರೇಲಿಯದ ರಾಯ್ಲ್ ಹಾಕ್ಸ್‌ಗೆ ಸಿಕ್ಕಿತ್ತು. ಡೆಂಗಿಯ ದಾಯಾದಿ ವೈರಸ್ಸನ್ನು ಕೋಳಿಯ ಕೋಶಗಳಲ್ಲಿ ಬೆಳೆಸುವಾಗ ಪ್ರತಿಕಾಯವನ್ನು ತೆಳುಮಾಡಿ ಬೆರೆಸಿದರೆ ಬೆಳೆ ಕಡಿಮೆಯಾಗುವ ಬದಲು ಹುಲುಸಾಯಿತು. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. 1970ರ ದಶಕದಲ್ಲಿ ಹಾಲ್‌ಸ್ಟೆಡ್ ಮನುಷ್ಯರ, ಕೋತಿಗಳ ಬಿಳಿ ರಕ್ತಕಣಗಳಲ್ಲಿ ಅದನ್ನೇ ತೋರಿಸಿದ. ಮನುಷ್ಯ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಪ್ರತಿಕಾಯವನ್ನು ಕೋತಿಗಳಿಗೆ ಕೊಟ್ಟು ಡೆಂಗಿ ಹತ್ತಿಸಿದಾಗ, ಕೊಡದ ಕೋತಿಗಳಿಗಿಂತ ಅವುಗಳ ರಕ್ತದಲ್ಲಿ ವೈರಸ್ ಹೆಚ್ಚಾಗಿತ್ತು.

ವೈರಸ್ ಹೆಚ್ಚಾಗಿದ್ದು ಮೊದಲ ಅಂಕ. ಎರಡನೆಯ ಅಂಕದಲ್ಲಿ ದೇಹ ಆ ಜಾತ್ರೆಯನ್ನು ಕಂಡು ಬೆಚ್ಚಿ ಬೀಳುತ್ತದೆ. ಹಳೆಯ ಸೋಂಕನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಎದ್ದು ಬರುತ್ತವೆ. ಅವಕ್ಕೂ ನೆನಪಿರುವುದು ಅಣ್ಣನ ಮುಖ. ತಮ್ಮನ ಮೇಲೆ ಕೈಮಾಡುವುದರಲ್ಲಿ ಗುರಿ ಕಡಿಮೆ, ಗದ್ದಲ ಹೆಚ್ಚು. ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳು ರಕ್ತದಲ್ಲಿ ಹೊಳೆಯಾಗುತ್ತವೆ. ಒಂದೊಂದು ಸಂದೇಶವೂ ಸರಿಯಾದದ್ದೇ: ಇಲ್ಲಿ ವೈರಿ ಇದ್ದಾನೆ, ರಕ್ತನಾಳ ಸ್ವಲ್ಪ ಸಡಿಲ ಮಾಡಿ, ಪಡೆ ಹೊರಗೆ ಬರಬೇಕು. ಗಾಯವಾದ ಜಾಗ ಊದಿಕೊಳ್ಳುವುದು ಇದೇ ಕಾರಣಕ್ಕೆ. ಇದೇ ಆಜ್ಞೆ ಅಡಿಯಿಂದ ಮುಡಿಯವರೆಗೆ ಎಲ್ಲ ರಕ್ತನಾಳಗಳಿಗೂ ಒಟ್ಟಿಗೆ ಹೋದರೆ?

ಸೋರುತ್ತದೆ. ಡೆಂಗಿಯ ನಿಜವಾದ ಕಂಟಕ ಈ ಸೋರಿಕೆ. ರಕ್ತನಾಳ ಒಡೆಯುವುದಿಲ್ಲ, ಹೊಸ ಮಣ್ಣಿನ ಹೂಜಿಯಂತೆ ಒಸರುತ್ತದೆ. ರಕ್ತಕಣಗಳು ಒಳಗೇ ಉಳಿದು, ನೀರಿನಂಶವೂ ಪ್ರೋಟೀನೂ ಹೊರಗೆ ಹೋಗಿ ಹೊಟ್ಟೆಯ ಕುಹರದಲ್ಲಿ, ಶ್ವಾಸಕೋಶದ ಸುತ್ತ ನಿಲ್ಲುತ್ತವೆ. ಒಲೆಯ ಮೇಲೆ ಮರೆತ ಸಾರಿನಂತೆ ರಕ್ತ ಗಟ್ಟಿಯಾಗುತ್ತದೆ. ವೈದ್ಯೆ ಕೇಳಿದ ಪಿಸಿವಿ ಆ ಗಟ್ಟಿತನದ ಅಳತೆ. ಅದು ದಿಢೀರನೆ ಏರಿದರೆ ಒಳಗಡೆ ಎಲ್ಲೋ ಸೋರುತ್ತಿದೆ ಎಂದರ್ಥ. ನಾಳದಲ್ಲಿ ರಕ್ತ ಕಡಿಮೆಯಾದಾಗ ದೇಹ ಕೈಕಾಲಿನ ನಾಳಗಳನ್ನು ಬಿಗಿಹಿಡಿದು ಮಿದುಳಿಗೂ ಹೃದಯಕ್ಕೂ ಪಾಲು ಉಳಿಸುತ್ತದೆ. ಆದ್ದರಿಂದಲೇ ಕೈಕಾಲು ತಣ್ಣಗೆ, ಬಿಪಿಯ ಕೆಳಗಿನ ಅಂಕಿ ಮೇಲಕ್ಕೆ, ರೋಗಿ ಮಾತ್ರ ನೆಟ್ಟಗೆ ಮಾತಾಡುತ್ತಿರುತ್ತಾನೆ. ಮನೆಯವರು ಮೋಸಹೋಗುವುದು ಇಲ್ಲಿ. ಮೇಲಿನ ಅಂಕಿ ಬೀಳುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಎಲ್ಲ ತಪ್ಪನ್ನೂ ನಮ್ಮ ಮೈಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಡೆಂಗಿ ವೈರಸ್ ಎನ್‌ಎಸ್-1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲಿ ಲ್ಯಾಬಿನವರು ಹುಡುಕುವುದು ಅದನ್ನೇ. ಅದು ತಾನಾಗಿಯೇ ರಕ್ತನಾಳದ ಒಳಪದರವನ್ನು ಕೆಡಿಸಬಲ್ಲದು ಎಂದು 2015ರಲ್ಲಿ ಎರಡು ಸಂಶೋಧನಾ ತಂಡಗಳು ತೋರಿಸಿದವು. ಆದರೆ ಅದೂ ವೈರಸ್ ಎಷ್ಟು ಬೆಳೆದಿದೆ ಎಂಬುದರ ಮೇಲೆ ನಿಂತಿದೆ, ಮತ್ತು ಅದಕ್ಕೆ ಜಾಗ ಮಾಡಿಕೊಟ್ಟದ್ದು ಸಡಿಲ ಬೇಡಿ.

ಪ್ಲೇಟ್‌ಲೆಟ್ ಬಗ್ಗೆ ಎರಡು ಮಾತು ಆಡದೆ ಮುಂದೆ ಹೋದರೆ ಓದುಗರು ಬಿಡಲಾರರು. ನಮ್ಮಲ್ಲಿ ಡೆಂಗಿ ಎಂದರೆ ಅದೊಂದು ಷೇರು ಪೇಟೆಯ ಸೂಚ್ಯಂಕ. ಬೆಳಿಗ್ಗೆ ಎಂಬತ್ತು ಸಾವಿರ, ಸಂಜೆ ಅರವತ್ತು; ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಂಟೆಗೊಂದು ವರದಿ. ಪರಂಗಿ ಎಲೆ ಅರೆದು ಹಿಂಡಿದ ಕಹಿರಸ, ದುಬಾರಿ ಕಿವಿ ಹಣ್ಣು, ಮೇಕೆ ಹಾಲು. ಪ್ಲೇಟ್‌ಲೆಟ್ ಇಳಿಯುವುದು ಕಾಯಿಲೆ ನಡೆಯುತ್ತಿರುವುದರ ಗುರುತು ನಿಜ, ಆದರೆ ಬಹುಪಾಲು ಸಾವಿಗೆ ಅದು ಕಾರಣವಲ್ಲ. ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುಂಜಾಗ್ರತೆ ಎಂದು ಪ್ಲೇಟ್‌ಲೆಟ್ ಏರಿಸಿದರೆ ಲಾಭವಿದೆಯೇ ಎಂದು ಸಿಂಗಪುರ ಮತ್ತು ಮಲೇಷ್ಯದ ಆಸ್ಪತ್ರೆಗಳಲ್ಲಿ ನೋಡಿದ್ದಾರೆ. ಎಣಿಕೆ ಇಪ್ಪತ್ತು ಸಾವಿರ, ಅದಕ್ಕಿಂತಲೂ ಕೆಳಗೆ ಇಳಿದಿದ್ದವರಲ್ಲಿ. 2017ರಲ್ಲಿ ಬಂದ ಫಲಿತಾಂಶ: ರಕ್ತಸ್ರಾವ ಕಡಿಮೆಯಾಗಲಿಲ್ಲ. ಗಂಡಾಂತರ ಕಾಲ ದಾಟಿದ ಮೇಲೆ ಎಣಿಕೆ ತನ್ನಷ್ಟಕ್ಕೆ ಏರುತ್ತದೆ. ಆರನೆಯ ದಿನ ಪರಂಗಿ ರಸ ಕುಡಿದವರಿಗೆ ಏಳನೆಯ ದಿನ ಏರಿದ್ದು ರಸದ ಮಹಿಮೆಯಾಗಿ ಕಾಣುತ್ತದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಮುದುಕಿಯನ್ನು ನಾವೇ ನೋಡಿ ನಗುತ್ತೇವೆ.

ಬೇಕಾದದ್ದು ನೀರು, ಅಳೆದು ಸುರಿದ ನೀರು. ಬಾಯಲ್ಲಿ ಕುಡಿಯಲಾದರೆ ಓಆರ್‌ಎಸ್, ಗಂಜಿ, ಮಜ್ಜಿಗೆ. ಆಗದಿದ್ದರೆ ಡ್ರಿಪ್. ಅದರಲ್ಲೂ ಹದ ತಪ್ಪುವಂತಿಲ್ಲ. ಸೋರಿಕೆ ಒಂದೆರಡು ದಿನದಲ್ಲಿ ನಿಲ್ಲುತ್ತದೆ, ಹೊರಗೆ ನಿಂತಿದ್ದ ನೀರು ವಾಪಸ್ ರಕ್ತನಾಳಕ್ಕೆ ಬರುತ್ತದೆ. ಅಷ್ಟರಲ್ಲಿ ಬಾಟಲಿ ಮೇಲೆ ಬಾಟಲಿ ಏರಿಸಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರುಕಟ್ಟುತ್ತದೆ. ‘ಒಂದು ಗ್ಲೂಕೋಸ್ ಹಾಕ್ಬಿಡಿ ಡಾಕ್ಟ್ರೇ’ ಎಂದು ಜ್ವರ ಬಂದ ಮೊದಲ ದಿನವೇ ದುಂಬಾಲು ಬೀಳುವವರಿಗೆ ಇದು ತಿಳಿದಿರಲಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡದು, ರಕ್ತಸ್ರಾವ ಹೆಚ್ಚಿಸುತ್ತವೆ; ಪ್ಯಾರಾಸಿಟಮಾಲ್ ಸಾಕು. ಆಘಾತಕ್ಕೆ ಜಾರಿದವರನ್ನು ಹಾಗೇ ಬಿಟ್ಟರೆ ನೂರಕ್ಕೆ ಇಪ್ಪತ್ತರಷ್ಟು ಮಂದಿ ಸಾಯಬಹುದು. ಹೊತ್ತಿಗೆ ಸರಿಯಾಗಿ ಅಳತೆಯ ನೀರು ಕೊಟ್ಟರೆ ಅದು ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ವೈರಸ್ಸಿಗೆ ಯಾವ ಮದ್ದೂ ಕೊಡದೆ ಇಷ್ಟು ಜೀವ ಉಳಿಸುವ ಚಿಕಿತ್ಸೆ ಅಪರೂಪ.

ಹಾಲ್‌ಸ್ಟೆಡ್‌ನ ವಾದವನ್ನು ಬಹಳ ಜನ ಒಪ್ಪಲಿಲ್ಲ. ಕೆಲವು ವೈರಸ್ ತಳಿಗಳೇ ಉಗ್ರ, ಇದರಲ್ಲಿ ಪ್ರತಿಕಾಯದ ಪಾತ್ರವೇನಿದೆ ಎಂದರು. ಯಾರೂ ಬೇಕೆಂದು ಮಾಡಲಾಗದ ಪ್ರಯೋಗವೊಂದನ್ನು ಆಮೇಲೆ ಕ್ಯೂಬಾ ದ್ವೀಪ ಮಾಡಿ ತೋರಿಸಿತು. ಅಲ್ಲಿ 1977ರಲ್ಲಿ ಡೆಂಗಿಯ ಒಂದನೇ ಬಗೆ ಹಬ್ಬಿ, ಜನ ಜ್ವರ ಬಂದು ಎದ್ದರು. 1981ರಲ್ಲಿ ಎರಡನೇ ಬಗೆ ಬಂತು. 3,44,203 ಮಂದಿಗೆ ಕಾಯಿಲೆ, 158 ಸಾವು, ಅದರಲ್ಲಿ 101 ಮಕ್ಕಳು. ಮೊದಲ ಅಲೆಯ ನಂತರ ಹುಟ್ಟಿದ ಎಳೆಯರನ್ನು ಉಗ್ರ ಕಾಯಿಲೆ ಹೆಚ್ಚುಕಡಿಮೆ ಮುಟ್ಟಲಿಲ್ಲ. ಸರ್ಕಾರ ಸೊಳ್ಳೆಗಳ ಮೇಲೆ ಸಮರ ಸಾರಿ ಹದಿನಾರು ವರ್ಷ ಡೆಂಗಿಯನ್ನು ಹೊರಗಿಟ್ಟಿತು. 1997ರಲ್ಲಿ ಸಾಂತಿಯಾಗೊ ನಗರದಲ್ಲಿ ಮತ್ತೆ ಎರಡನೇ ಬಗೆ ಕಾಣಿಸಿತು. ಈ ಸಲ 205 ಮಂದಿಗೆ ಉಗ್ರ ಡೆಂಗಿ, 12 ಸಾವು. ಮಕ್ಕಳಿಗಲ್ಲ, ದೊಡ್ಡವರಿಗೆ, 1977ರ ಅಲೆ ಕಂಡಿದ್ದವರಿಗೆ. ಮಾರಿಯಾ ಗ್ವಾದಲೂಪೆ ಗುಸ್ಮಾನ್ ಮತ್ತು ಜೊತೆಗಾರರು ಇದನ್ನು ವರ್ಷಗಟ್ಟಲೆ ಅಳೆದು ತೂಗಿದರು. ನನ್ನನ್ನು ಬೆಚ್ಚಿಸಿದ್ದು ಬೇರೊಂದು ಸಂಗತಿ. ಎರಡು ಸೋಂಕುಗಳ ನಡುವೆ ನಾಲ್ಕು ವರ್ಷ ಕಳೆದಿದ್ದಾಗಿನದಕ್ಕಿಂತ ಇಪ್ಪತ್ತು ವರ್ಷ ಕಳೆದಿದ್ದಾಗ ಅದೇ ವಯಸ್ಸಿನವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಮೈ ಇಪ್ಪತ್ತು ವರ್ಷ ಆ ನೆನಪನ್ನು ಮರೆತಿರಲಿಲ್ಲ, ತಪ್ಪು ತಪ್ಪಾಗಿ ಇಟ್ಟುಕೊಂಡಿತ್ತು.

ಸಾಕ್ಷ್ಯ ಇಷ್ಟು ದಟ್ಟವಾಗಿದ್ದರೂ ಲಸಿಕೆಯವರು ಎಡವಿದರು. ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಜಗತ್ತಿನ ಮೊದಲ ಡೆಂಗಿ ಲಸಿಕೆ. 2016ರ ಏಪ್ರಿಲ್‌ನಲ್ಲಿ ಫಿಲಿಪೀನ್ಸ್ ಸರ್ಕಾರ ಅದನ್ನು ಶಾಲೆಗಳಿಗೆ ತಂದಿತು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಚುಚ್ಚಿದರು. ಹಾಲ್‌ಸ್ಟೆಡ್ ಆ ಹೊತ್ತಿಗೆ ಮುಪ್ಪಿನಲ್ಲಿದ್ದ; ಬೇಡ, ಅಪಾಯ ಎಂದು ಬರೆದ, ಹೇಳಿದ. 2017ರ ನವೆಂಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಮೊದಲು ಡೆಂಗಿ ಬಂದಿದ್ದ ಮಕ್ಕಳನ್ನು ಲಸಿಕೆ ಕಾಯುತ್ತದೆ, ಬಾರದೇ ಇದ್ದ ಮಕ್ಕಳಿಗೆ ಮುಂದೆ ಡೆಂಗಿ ಬಂದರೆ ಕಾಯಿಲೆ ಉಗ್ರವಾಗುವ ಸಂಭವ ಹೆಚ್ಚು. ಆ ಮಕ್ಕಳ ಪಾಲಿಗೆ ಸೂಜಿಯೇ ಮೊದಲ ಡೆಂಗಿಯಾಗಿತ್ತು. ಕಾರ್ಯಕ್ರಮ ನಿಂತಿತು, ತಾಯಂದಿರು ಬೀದಿಗಿಳಿದರು. ನಂಬಿಕೆ ಎಷ್ಟು ಕೆಟ್ಟಿತೆಂದರೆ ಬೇರೆ ಲಸಿಕೆಗಳಿಗೂ ಮಕ್ಕಳನ್ನು ಕಳಿಸಲು ಜನ ಹಿಂದೆಗೆದರು. 2019ರಲ್ಲಿ ಆ ದೇಶದಲ್ಲಿ ದಡಾರ ಭುಗಿಲೆದ್ದಿತು. ಕಂಪನಿ ತಪ್ಪೊಪ್ಪಿದ ಅದೇ 2017ರಲ್ಲಿ ನಿಕರಾಗುವದ ಮನಾಗುವದಿಂದ ಒಂದು ಅಧ್ಯಯನ ಹೊರಬಂತು. ಹನ್ನೆರಡು ವರ್ಷ ಮಕ್ಕಳ ಬೆನ್ನುಹತ್ತಿ ಪ್ರತಿಕಾಯ ಅಳೆದ ಲೀಯಾ ಕಟ್ಸೆಲ್‌ನಿಕ್, ಈವಾ ಹ್ಯಾರಿಸ್ ತಂಡಕ್ಕೆ ಕಂಡದ್ದು ಬ್ಯಾಂಕಾಕ್‌ನ ಕೂಸುಗಳ ಕಥೆಯೇ: ಪ್ರತಿಕಾಯ ತುಂಬ ಇದ್ದರೆ ಕ್ಷೇಮ, ಏನೂ ಇಲ್ಲದಿದ್ದರೂ ಅಷ್ಟು ಭಯವಿಲ್ಲ. ನಡುವಿನದೊಂದು ಮಟ್ಟದಲ್ಲಿ ಅಪಾಯ ಏಳು ಪಟ್ಟಿಗೂ ಮಿಗಿಲು.

ಹಾಗಾದರೆ ದೇಹದ ಈ ಆರ್ಭಟವನ್ನು ಅಡಗಿಸುವ ಸ್ಟಿರಾಯ್ಡ್ ಕೊಟ್ಟರಾಗದೇ? ಕೋವಿಡ್‌ನಲ್ಲಿ ಅದು ಕೆಲಸ ಮಾಡಿತಲ್ಲ? ಮಾಡಿತು, ಆದರೆ ಹೊತ್ತು ನೋಡಿ. 2020ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನ ರಿಕವರಿ ಪ್ರಯೋಗದ ಫಲಿತಾಂಶ ಬಂದಾಗ, ಡೆಕ್ಸಾಮೆಥಸೋನ್ ಎಂಬ ಹಳೆಯ ಅಗ್ಗದ ಔಷಧಿ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕದ ಮೇಲಿದ್ದವರದನ್ನು ಐದನೇ ಒಂದರಷ್ಟು ತಗ್ಗಿಸಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭವೇ ಇರಲಿಲ್ಲ, ಕೆಡುಕೂ ಇರಬಹುದೆಂಬ ಸೂಚನೆಯಿತ್ತು. ಮೊದಲ ವಾರ ವೈರಸ್ಸಿನದು, ಆಗ ಪಡೆಯ ಕೈಕಟ್ಟಿದರೆ ವೈರಸ್ಸಿಗೆ ಹಬ್ಬ. ಎರಡನೆಯ ವಾರ ಶ್ವಾಸಕೋಶ ಕೆಡಿಸುವುದು ಪಡೆಯೇ, ಆಗ ಕಟ್ಟಬೇಕು. 2021ರ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಜ್ವರ ಬಂದ ಎರಡನೇ ದಿನವೇ ಮನೆಯಲ್ಲಿ ಕೂತು ಸ್ಟಿರಾಯ್ಡ್ ಮಾತ್ರೆ ನುಂಗಿದವರಿದ್ದರು. ಸಕ್ಕರೆ ಕಾಯಿಲೆಯ ಜೊತೆ ಸ್ಟಿರಾಯ್ಡ್ ಸೇರಿ ಕಪ್ಪು ಶಿಲೀಂಧ್ರಕ್ಕೆ ಕಣ್ಣು, ದವಡೆ ಕಳೆದುಕೊಂಡವರನ್ನು ಕರ್ನಾಟಕವೂ ಕಂಡಿದೆ.

ಡೆಂಗಿಯಲ್ಲಿ ಸ್ಟಿರಾಯ್ಡ್ ಹೊತ್ತು ನೋಡಿ ಕೊಟ್ಟರೂ ಫಲ ಕಂಡಿಲ್ಲ. ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಜ್ವರದ ಆರಂಭದಲ್ಲೇ ಪ್ರೆಡ್ನಿಸೊಲೋನ್ ಕೊಟ್ಟು ನೋಡಿದರು. ಕೆಡುಕಾಗಲಿಲ್ಲ, ಆಘಾತವೂ ತಪ್ಪಲಿಲ್ಲ. ಕೋವಿಡ್‌ನ ಬೆಂಕಿ ವಾರಗಟ್ಟಲೆ ಶ್ವಾಸಕೋಶದಲ್ಲಿ ಉರಿಯುವಂಥದ್ದು. ಡೆಂಗಿಯದು ಎರಡು ದಿನದ ಸೋರಿಕೆ, ತಾನೇ ನಿಲ್ಲುತ್ತದೆ; ಆ ಎರಡು ದಿನ ರೋಗಿಯನ್ನು ದಾಟಿಸಬೇಕು, ಅಷ್ಟೆ.

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 39 ಕೋಟಿ ಡೆಂಗಿ ಸೋಂಕು, ಅದರಲ್ಲಿ ಕಾಯಿಲೆಯಾಗಿ ಕಾಣುವುದು 9.6 ಕೋಟಿ ಎಂದು 2013ರಲ್ಲಿ ಒಂದು ಅಂದಾಜು ಬಂತು. ಎಂದರೆ ಮುಕ್ಕಾಲು ಪಾಲು ಜನರಿಗೆ ತಮಗೆ ಡೆಂಗಿ ಬಂದುಹೋದದ್ದೇ ತಿಳಿಯುವುದಿಲ್ಲ. 2017–18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 15 ರಾಜ್ಯಗಳಲ್ಲಿ 5ರಿಂದ 45 ವರ್ಷದವರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 48.7 ಮಂದಿಯಲ್ಲಿ ಹಳೆಯ ಡೆಂಗಿಯ ಗುರುತಿತ್ತು. ದಕ್ಷಿಣದಲ್ಲಿ ಅದು 76.9. ನಮ್ಮ ಕಡೆ ‘ನನಗೆ ಡೆಂಗಿ ಬಂದಿಲ್ಲ’ ಎನ್ನುವ ಹತ್ತು ಮಂದಿಯಲ್ಲಿ ಹಲವರ ಮೈಯಲ್ಲಿ ಹಳೆಯ ಬೇಡಿ ಆಗಲೇ ತೂಗುಹಾಕಿದೆ. ಅದರಿಂದ ಗಾಬರಿಯಾಗಬೇಕಿಲ್ಲ, ಎರಡನೆಯ ಡೆಂಗಿಯಲ್ಲೂ ಉಗ್ರವಾಗುವುದು ನೂರರಲ್ಲಿ ಕೆಲವರಿಗೆ ಮಾತ್ರ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಿಸಿ ಸೊಳ್ಳೆ ಸಾಕುವವರಿಗೆ ದಂಡ ಇಟ್ಟಿತು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯೂ ಪ್ಯಾನೇಸಿಯಾ ಬಯೊಟೆಕ್ ಕಂಪನಿಯೂ ಸೇರಿ ನಾಲ್ಕೂ ಬಗೆಗಳ ವಿರುದ್ಧದ ಲಸಿಕೆಯ ಮೂರನೇ ಹಂತದ ಪ್ರಯೋಗ ಆರಂಭಿಸಿದವು. 19 ಕೇಂದ್ರ, 10,335 ಮಂದಿ, ಒಂದೇ ಚುಚ್ಚುಮದ್ದು. ಒಂದೇ ಚುಚ್ಚುಮದ್ದಾದರೂ ಹಾಕಿಸಿಕೊಂಡವರ ಮೇಲೆ ಎರಡು ವರ್ಷ ಕಣ್ಣಿಡಬೇಕು. ಯಾಕೆ ಅಷ್ಟು ಕಾಲ ಎಂಬುದು ಫಿಲಿಪೀನ್ಸ್‌ನ ತಾಯಂದಿರಿಗೆ ಗೊತ್ತು.

ಅಂದಹಾಗೆ, ಹುಡುಗ ನಾಲ್ಕನೆಯ ದಿನ ವಾರ್ಡಿನಿಂದ ಹೊರಬಂದ. ಕಾಲಿನ ಮೇಲೆ ಕೆಂಪು ಗಂದೆ, ನಡುನಡುವೆ ಬಿಳಿ ಚುಕ್ಕೆ, ಅಂಗೈ ಅಂಗಾಲು ವಿಪರೀತ ಕಡಿತ, ವಾಸಿಯಾಗುವವರಿಗೆ ಹೀಗಾಗುತ್ತದಂತೆ. ರಕ್ತದ ವರದಿಯಲ್ಲಿ ಐಜಿ-ಜಿ ಎಂಬ ಪ್ರತಿಕಾಯ ಬೇಗನೆ ಏರಿದ್ದನ್ನು ತೋರಿಸಿ, ಇವನಿಗೆ ಇದು ಎರಡನೆಯ ಸಲ ಎಂದರು ವೈದ್ಯೆ. ‘ಇಲ್ಲಮ್ಮ, ಇವನಿಗೆ ಯಾವತ್ತೂ ಬಂದಿಲ್ಲ’ ಎಂದರು ತಾಯಿ. ಆಮೇಲೆ ತಡೆದು, ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಮೂರು ದಿನ ಜ್ವರ ಬಂದಿದ್ದು, ನಾಲ್ಕನೆಯ ದಿನ ಇವನೂ ಎದ್ದು ಆಡಲು ಹೋದದ್ದು ನೆನಪಾಯಿತು.

‘ಇನ್ನು ಬರಲ್ಲ ಅಲ್ವಾ ಡಾಕ್ಟ್ರೇ?’

‘ನಾಲ್ಕರಲ್ಲಿ ಎರಡು ಮುಗಿದವಲ್ಲಮ್ಮ. ಮೂರನೆಯದು ಇಷ್ಟು ಕಾಡೋದು ಕಡಿಮೆ. ಹೆದರ್ಬೇಡಿ.’

ತಾಯಿ ಕೈಮುಗಿದು, ಔಷಧಿ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋದವರು ನಿಂತರು. ಚಿಕ್ಕವಳು ಹೊರಗೆ ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡಾಡುತ್ತಿದ್ದಳು.

‘ಹಾಗಾದ್ರೆ ಇವಳಿಗೆ?’